ಯಾವ ಪ್ಲಾಸ್ಟಿಕ್ ಯಾವ ಕೆಲಸಕ್ಕೆ? ಡಬ್ಬಿ, ಬಾಟಲಿ, ಪೈಪು, ಹಗ್ಗ, ಬಟ್ಟೆ ಆರಿಸುವವರಿಗೆ ಒಂದು ರಾಸಾಯನಿಕ ಹೋಲಿಕೆ

ಪಾತ್ರೆ ಅಂಗಡಿಯಲ್ಲಿ ಊಟದ ಡಬ್ಬಿಯೊಂದನ್ನು ಕೈಗೆತ್ತಿಕೊಂಡು ಹೇಗಿದೆ ಎಂದು ವಿಚಾರಿಸಿದರೆ ಸಿಗುವ ಉತ್ತರ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ: "ಫುಡ್ ಗ್ರೇಡ್ ಸಾರ್, ಅನ್‌ಬ್ರೇಕಬಲ್." ಈ ಎರಡು ಮಾತುಗಳೂ ನಿಜವೇ ಇರಬಹುದು. ಆದರೆ ಆ ಡಬ್ಬಿಗೆ ಕುದಿಯುವ ಸಾರು ಸುರಿಯಬಹುದೇ, ಅದನ್ನು ಫ್ರೀಜರಿನಲ್ಲಿ ಇಡಬಹುದೇ, ಅದರಲ್ಲಿ ನಿಂಬೆ ಉಪ್ಪಿನಕಾಯಿ ಆರು ತಿಂಗಳು ಕೂತರೆ ಏನಾಗುತ್ತದೆ ಎಂಬ ಪ್ರಶ್ನೆಗಳಿಗೆ ಅವು ಉತ್ತರವಲ್ಲ. ಉತ್ತರದ ಮೊದಲ ಸುಳಿವು ಡಬ್ಬಿಯ ತಳದಲ್ಲಿ, ತ್ರಿಕೋನವಾಗಿ ಸುತ್ತುವ ಬಾಣಗಳ ನಡುವೆ ಒತ್ತಿರುವ 1ರಿಂದ 7ರವರೆಗಿನ ಅಂಕಿಯಲ್ಲಿದೆ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘವು ಮರುಬಳಕೆಗೆ ವಿಂಗಡಿಸುವವರ ಅನುಕೂಲಕ್ಕೆಂದು ರೂಪಿಸಿದ ಈ ಅಂಕಿಯನ್ನು ಅನೇಕರು ಗುಣಮಟ್ಟದ ದರ್ಜೆಯೆಂದು ತಿಳಿದಿದ್ದಾರೆ. ಅದು ದರ್ಜೆಯಲ್ಲ, ವಸ್ತು ಯಾವುದೆಂದು ಹೇಳುವ ಗುರುತು ಅಷ್ಟೆ.

ಆ ಗುರುತಿನಿಂದ ನಮಗೆ ಬೇಕಾದದ್ದನ್ನು ಓದಿಕೊಳ್ಳಲು ಸ್ವಲ್ಪ ಸಾವಯವ ರಸಾಯನವಿಜ್ಞಾನ ಸಾಕು. ಪಾಲಿಮರ್ ಎಂದರೆ ಸಣ್ಣ ಅಣುಗಳು ನೂರಾರು, ಸಾವಿರಾರು ಸಂಖ್ಯೆಯಲ್ಲಿ ಒಂದಕ್ಕೊಂದು ಸೇರಿ ಆದ ಉದ್ದನೆಯ ಸರಪಳಿ. ಆ ಸರಪಳಿಯ ಕೊಂಡಿಗಳನ್ನು ಯಾವ ಬಂಧ ಹಿಡಿದಿದೆ, ಅದರ ಮಗ್ಗುಲಲ್ಲಿ ಯಾವ ಗುಂಪು ಜೋತುಬಿದ್ದಿದೆ ಎಂಬ ಎರಡು ಸಂಗತಿ ತಿಳಿದರೆ, ವಸ್ತುವು ಬಿಸಿಗೆ, ಹುಳಿಗೆ, ಎಣ್ಣೆಗೆ, ಬಿಸಿಲಿಗೆ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಮುಕ್ಕಾಲು ಪಾಲು ಊಹಿಸಬಹುದು.

ಹುಣಸೆ, ಮೀನು, ಬಾಳೆಹಣ್ಣು

ಬರಿಯ ಕಾರ್ಬನ್ ಮತ್ತು ಹೈಡ್ರೋಜನ್ ಇರುವ ಸರಪಳಿ ಸ್ವಭಾವತಃ ಸೋಮಾರಿ. ಮೇಣದಬತ್ತಿಯ ತುಂಡನ್ನು ಹುಣಸೆರಸದಲ್ಲಿ ಹಾಕಿಡಿ, ಸುಣ್ಣದ ತಿಳಿಯಲ್ಲಿ ಹಾಕಿಡಿ, ಅದು ಇದ್ದಂತೆಯೇ ಇರುತ್ತದೆ. ಅಂಥ ಸರಪಳಿಗೆ ಆಕ್ಸಿಜನ್, ನೈಟ್ರೋಜನ್ ಅಥವಾ ಕ್ಲೋರಿನ್ ಒಂದು ನಿರ್ದಿಷ್ಟ ಜೋಡಣೆಯಲ್ಲಿ ಬಂದು ಸೇರಿದರೆ, ಇಲ್ಲವೇ ಎರಡು ಕಾರ್ಬನ್‌ಗಳ ನಡುವೆ ದ್ವಿಬಂಧ ಇದ್ದರೆ, ಅಲ್ಲಿ ಕ್ರಿಯೆಗೆ ಎಡೆಯಾಗುತ್ತದೆ. ಈ ಜಾಗವನ್ನೇ ಪಠ್ಯಪುಸ್ತಕಗಳು ಕ್ರಿಯಾಗುಂಪು ಎನ್ನುತ್ತವೆ.

ಇವುಗಳಲ್ಲಿ ಹಲವನ್ನು ನಾವು ನಾಲಗೆ ಮತ್ತು ಮೂಗಿನಿಂದಲೇ ಬಲ್ಲೆವು. ಹುಣಸೆಯ ಟಾರ್ಟಾರಿಕ್ ಆಮ್ಲ, ಮೊಸರಿನ ಲ್ಯಾಕ್ಟಿಕ್ ಆಮ್ಲ, ನಿಂಬೆಯ ಸಿಟ್ರಿಕ್ ಆಮ್ಲ, ಇವೆಲ್ಲದರ ಹುಳಿಗೆ ಕಾರಣ ಕಾರ್ಬಾಕ್ಸಿಲ್ ಗುಂಪು. ಸಕ್ಕರೆ ಮತ್ತು ಗ್ಲಿಸರಿನ್‌ಗಳಲ್ಲಿ ಇರುವುದು ಹೈಡ್ರಾಕ್ಸಿಲ್ ಗುಂಪು. ಅವು ನೀರಿನಲ್ಲಿ ಅಷ್ಟು ಸಲೀಸಾಗಿ ಕರಗುವುದು ಅದರಿಂದಲೇ. ಹೊತ್ತಾದ ಮೀನಿನ ವಾಸನೆ ಅಮೀನಿನದು. ಮೀನಿಗೆ ನಿಂಬೆರಸ ಹಿಂಡಿದೊಡನೆ ವಾಸನೆ ತಗ್ಗುತ್ತದಲ್ಲ, ಆಮ್ಲವು ಅಮೀನಿನೊಡನೆ ಕೂಡಿ ಗಾಳಿಗೆ ಹಾರದ ಲವಣವಾಗುವುದೇ ಅದಕ್ಕೆ ಕಾರಣ. ಆಮ್ಲ ಮತ್ತು ಆಲ್ಕೋಹಾಲ್ ಕೂಡಿ, ನಡುವಿನಿಂದ ನೀರಿನ ಒಂದು ಅಣು ಹೊರಹೋದರೆ ಎಸ್ಟರ್ ಆಗುತ್ತದೆ. ಬಾಳೆಹಣ್ಣಿನ ಪರಿಮಳ ಮುಖ್ಯವಾಗಿ ಅಂಥದೊಂದು ಎಸ್ಟರಿನದು. ಆಮ್ಲ ಮತ್ತು ಅಮೀನಿನ ಲವಣವನ್ನು ಚೆನ್ನಾಗಿ ಕಾಯಿಸಿ ಅಲ್ಲಿಂದಲೂ ನೀರನ್ನು ಹೊರಡಿಸಿದರೆ ಸಿಗುವುದು ಅಮೈಡ್.

ಸರಪಳಿ ಕಟ್ಟುವ ಮುಖ್ಯ ದಾರಿಗಳು ಎರಡು. ದ್ವಿಬಂಧವಿರುವ ಎಥಿಲೀನ್, ಪ್ರೊಪಿಲೀನ್, ಸ್ಟೈರೀನ್, ವಿನೈಲ್ ಕ್ಲೋರೈಡ್‌ಗಳಂಥ ಅಣುಗಳು ಆ ದ್ವಿಬಂಧವನ್ನು ಬಿಚ್ಚಿ ಪಕ್ಕದವರ ಕೈಹಿಡಿಯುವುದು ಮೊದಲನೆಯದು. ಇಲ್ಲಿ ಕ್ರಿಯಾಗುಂಪು ಸರಪಳಿ ಕಟ್ಟುವುದರಲ್ಲೇ ಮುಗಿದುಹೋಗಿ, ಕೊನೆಗೆ ಉಳಿಯುವುದು ಉದ್ದಕ್ಕೂ ಕಾರ್ಬನ್-ಕಾರ್ಬನ್ ಬೆನ್ನೆಲುಬು. ಎರಡೂ ತುದಿಗಳಲ್ಲಿ ಆಮ್ಲವಿರುವ ಅಣುವು ಎರಡೂ ತುದಿಗಳಲ್ಲಿ ಆಲ್ಕೋಹಾಲ್ ಅಥವಾ ಅಮೀನ್ ಇರುವ ಅಣುವಿನೊಡನೆ ಸೇರುತ್ತ ಹೋಗುವುದು ಎರಡನೆಯದು. ಇಲ್ಲಿ ಪ್ರತಿ ಕೊಂಡಿಯೂ ಒಂದು ಎಸ್ಟರ್ ಅಥವಾ ಅಮೈಡ್. ಮೊದಲನೆಯ ಮನೆತನಕ್ಕೆ ಹುಳಿ, ಕ್ಷಾರ, ನೀರುಗಳ ಭಯವಿಲ್ಲ, ಅದರ ಶತ್ರುಗಳು ಬಿಸಿ, ಬಿಸಿಲು ಮತ್ತು ಎಣ್ಣೆ. ಎರಡನೆಯದು ಸಾಮಾನ್ಯವಾಗಿ ಗಟ್ಟಿ, ನೂಲಾಗಿ ಎಳೆಯಲು ಒದಗುತ್ತದೆ. ಆದರೆ ನೀರು ಹೊರಟು ಕಟ್ಟಿದ ಕೊಂಡಿಯನ್ನು ನೀರೇ ಮರಳಿ ಬಿಡಿಸಬಲ್ಲುದು, ಬಿಸಿ ಮತ್ತು ಕ್ಷಾರ ಜೊತೆಗಿದ್ದರೆ ಇನ್ನೂ ಬೇಗ.

ಊಟದ ಡಬ್ಬಿ: 5, 2, 4, ಮತ್ತು ಮೆಲಮೈನ್

ಬಿಸಿ ಊಟ ಕಟ್ಟಿಕೊಂಡು ಹೋಗಲು ಪ್ಲಾಸ್ಟಿಕ್ಕೇ ಬೇಕೆಂದಾದರೆ ನನ್ನ ಆಯ್ಕೆ 5, ಅಂದರೆ ಪಾಲಿಪ್ರೊಪಿಲೀನ್, ವ್ಯಾಪಾರದ ಮಾತಿನಲ್ಲಿ ಪಿಪಿ. ಇದು ಕರಗುವುದು ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಂಕಿ 2ರ ಹೆಚ್ಚು ಸಾಂದ್ರತೆಯ ಪಾಲಿಥೀನ್ ಆದ ಎಚ್‌ಡಿಪಿಇ ಸುಮಾರು 130ರಲ್ಲಿಯೂ ಅಂಕಿ 4ರ ಕಡಿಮೆ ಸಾಂದ್ರತೆಯ ಪಾಲಿಥೀನ್ ಆದ ಎಲ್‌ಡಿಪಿಇ ಸುಮಾರು 110ರಲ್ಲಿಯೂ ಕರಗುತ್ತವೆ. ಮೂರೂ ಬರಿಯ ಕಾರ್ಬನ್ ಮತ್ತು ಹೈಡ್ರೋಜನ್‌ಗಳೇ ಆಗಿರುವಾಗ ಇಷ್ಟು ವ್ಯತ್ಯಾಸ ಎಲ್ಲಿಂದ ಬಂತು? ಎಲ್‌ಡಿಪಿಇಯ ಸರಪಳಿಗೆ ಮುಳ್ಳುಕಂಟಿಯಂತೆ ಅಡ್ಡಾದಿಡ್ಡಿ ಕವಲುಗಳಿದ್ದು, ಸರಪಳಿಗಳು ಒತ್ತೊತ್ತಾಗಿ ಕೂರುವುದಿಲ್ಲ. 1953ರಲ್ಲಿ ಜರ್ಮನಿಯ ಕಾರ್ಲ್ ಜೀಗ್ಲರ್ ಕಂಡುಕೊಂಡ ವೇಗವರ್ಧಕದಿಂದ ಕವಲಿಲ್ಲದ ನೇರ ಸರಪಳಿ ಸಾಧ್ಯವಾಗಿ ಎಚ್‌ಡಿಪಿಇ ಬಂತು. ಮರುವರ್ಷ ಇಟಲಿಯ ಜೂಲಿಯೊ ನಾಟ್ಟಾ ಪ್ರೊಪಿಲೀನಿನ ಮಿಥೈಲ್ ಗುಂಪುಗಳೆಲ್ಲ (ಒಂದು ಕಾರ್ಬನ್, ಮೂರು ಹೈಡ್ರೋಜನ್ ಸೇರಿದ ಗುಂಪು) ಸರಪಳಿಯ ಒಂದೇ ಮಗ್ಗುಲಿಗೆ ಸಾಲಾಗಿ ನಿಲ್ಲುವಂತೆ ಮಾಡಿದರು. ಆ ಶಿಸ್ತು ಇಲ್ಲದಿದ್ದರೆ ಪಾಲಿಪ್ರೊಪಿಲೀನ್ ಅಂಟುಅಂಟಾದ ಮುದ್ದೆಯಷ್ಟೆ. 1963ರ ರಸಾಯನವಿಜ್ಞಾನದ ನೊಬೆಲ್ ಇಬ್ಬರಿಗೂ ಸೇರಿ ಬಂತು.

ಪಿಪಿಯ ಕೊರತೆಗಳೂ ಅದೇ ಮಿಥೈಲ್ ಗುಂಪಿನಿಂದ ಬಂದವು. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಅದರ ಸರಪಳಿಗಳು ಸೆಟೆದುಕೊಳ್ಳುವುದರಿಂದ, ಫ್ರೀಜರಿನಿಂದ ತೆಗೆದ ಸಾಮಾನ್ಯ ಪಿಪಿ ಡಬ್ಬಿ ಕೈಜಾರಿದರೆ ಸೀಳುತ್ತದೆ. ಎಚ್‌ಡಿಪಿಇಗೆ ಆ ಚಳಿ ಲೆಕ್ಕಕ್ಕಿಲ್ಲ. ತೆಂಗಿನ ತುರಿಯನ್ನು ತಿಂಗಳುಗಟ್ಟಲೆ ಫ್ರೀಜರಿನಲ್ಲಿ ಇಡುವವರು 2ನ್ನು ಹುಡುಕುವುದು ಲೇಸು. ಎರಡನೆಯದು ಬಿಸಿಲು. ಮಿಥೈಲ್ ಅಂಟಿರುವ ಕಾರ್ಬನ್ನಿನ ಹೈಡ್ರೋಜನ್ನನ್ನು ಆಕ್ಸಿಜನ್ ಸುಲಭವಾಗಿ ಕೀಳುತ್ತದೆ, ಅಲ್ಲಿ ಸರಪಳಿ ತುಂಡಾಗುತ್ತದೆ. ತಾರಸಿಯ ಮೇಲೆ ಬಟ್ಟೆಗೆ ಹಾಕುವ ಬಣ್ಣಬಣ್ಣದ ಕ್ಲಿಪ್ಪುಗಳನ್ನು ನೋಡಿ: ಎರಡು ಬೇಸಿಗೆ ಕಳೆದ ಮೇಲೆ ಮೈಯೆಲ್ಲ ಸುಣ್ಣ ಬಳಿದಂತೆ ಬಿಳುಚಿಕೊಂಡು, ಒತ್ತಿದೊಡನೆ ಚಟ್ಟೆಂದು ಮುರಿದು ಬೆರಳಿಗೆ ಪುಡಿ ಹತ್ತಿಸುತ್ತವೆ.

ಅರಿಸಿನದ ಕಲೆಯ ವಿಷಯ ಗೃಹಿಣಿಯರಿಗೆ ನಾನು ಹೇಳಬೇಕಾದದ್ದೇನಿಲ್ಲ. ಅರಿಸಿನದ ಬಣ್ಣವಾದ ಕರ್ಕ್ಯುಮಿನ್ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ; ಪಿಪಿಯಾಗಲಿ ಪಾಲಿಥೀನ್ ಆಗಲಿ ರಾಸಾಯನಿಕವಾಗಿ ಗಟ್ಟಿಯಾದ ಎಣ್ಣೆಯ ಸಂಬಂಧಿ. ಒಗ್ಗರಣೆಯ ಎಣ್ಣೆ ಬಣ್ಣವನ್ನು ಹೊತ್ತುಕೊಂಡು ಡಬ್ಬಿಯ ಮೈಯೊಳಗೇ ಇಳಿದುಬಿಡುವುದರಿಂದ, ಸೋಪು ಎಷ್ಟು ಉಜ್ಜಿದರೂ ಅದು ಮೇಲ್ಮೈಯ ಕೊಳೆಯಲ್ಲ. ತೊಳೆದ ಡಬ್ಬಿಯನ್ನು ಒಂದೆರಡು ದಿನ ಬಿಸಿಲಿಗೆ ಇಟ್ಟರೆ ಬೆಳಕಿಗೆ ಕರ್ಕ್ಯುಮಿನ್ ಒಡೆದು ಹಳದಿ ಮಾಸುತ್ತದೆ. ವಾರಗಟ್ಟಲೆ ಇಡಬೇಡಿ, ಕ್ಲಿಪ್ಪಿನ ಗತಿಯೇ ಡಬ್ಬಿಗೂ ಆದೀತು.

ಬಣ್ಣ ಒಳಗಿಳಿಯುವ ದಾರಿಯಲ್ಲೇ ಒಳಗಿನದೂ ಹೊರಬರಬಹುದು ಎಂಬುದನ್ನು ಮರೆಯಬಾರದು. ಎಣ್ಣೆ ಹೆಚ್ಚಿರುವ ಆಹಾರವನ್ನು ಮೈಕ್ರೋವೇವಿನಲ್ಲಿ ಬಿಸಿಮಾಡಿದರೆ ಎಣ್ಣೆ ನೀರಿನಂತೆ 100 ಡಿಗ್ರಿಗೆ ನಿಲ್ಲದೆ ಮುಂದೆ ಹೋಗುತ್ತದೆ, ಪಿಪಿಯ ಒಳಮೈಯಲ್ಲಿ ಸಣ್ಣ ಸಣ್ಣ ಕುಳಿಗಳು ಬೀಳುತ್ತವೆ. "ಮೈಕ್ರೋವೇವ್ ಸೇಫ್" ಎಂಬ ಬರಹವನ್ನು ಅನ್ನ ಮತ್ತು ತಿಳಿಸಾರಿಗೆ ಅನ್ವಯಿಸಿಕೊಳ್ಳಿ, ಎಣ್ಣೆಗಾಯಿಗೆ ಬೇಡ. ಭಾರತದ ನಿಯಮದಂತೆ ಪ್ಲಾಸ್ಟಿಕ್ಕಿನಿಂದ ಆಹಾರಕ್ಕೆ ಸೇರುವ ಒಟ್ಟು ಪದಾರ್ಥ ಕಿಲೋಗ್ರಾಮಿಗೆ 60 ಮಿಲಿಗ್ರಾಂ ಮೀರಬಾರದು. ಫುಡ್ ಗ್ರೇಡ್ ಎಂಬ ಮಾತಿನ ಹಿಂದೆ ಇರುವುದು ಮುಖ್ಯವಾಗಿ ಇಂಥ ಮಿತಿ, ಶೂನ್ಯವಲ್ಲ.

ಮೆಲಮೈನ್ ತಟ್ಟೆಯದು ಬೇರೆಯೇ ಜಾತಿ. ಮೆಲಮೈನಿನ ಅಮೀನ್ ಗುಂಪುಗಳು ಫಾರ್ಮಾಲ್ಡಿಹೈಡಿನೊಡನೆ ಎಲ್ಲ ದಿಕ್ಕಿಗೂ ಬೆಸೆದುಕೊಂಡು ಬಲೆಯಾಗುವುದರಿಂದ ಅದು ಕರಗುವುದೇ ಇಲ್ಲ, ಅತಿಯಾಗಿ ಕಾಯಿಸಿದರೆ ಸೀದುಹೋಗುತ್ತದೆ. ಕುಕ್ಕರಿನ ಹಿಡಿಯ ಬೇಕಲೈಟ್ ಕೂಡ ಇದೇ ಬಗೆಯ ಬಲೆ, ಅಲ್ಲಿ ಅಮೀನಿನ ಬದಲು ಫೀನಾಲ್. ಕರಗದು ಎಂಬ ಕಾರಣಕ್ಕೆ ಮೆಲಮೈನನ್ನು ಮೈಕ್ರೋವೇವಿಗೆ ಇಡುವವರಿದ್ದಾರೆ. ಅದು ಅಲೆಗಳನ್ನು ಹೀರಿ ತಾನೇ ಕಾಯುತ್ತದೆ, ಬಿಸಿ ಮತ್ತು ಹುಳಿ ಎರಡೂ ಕೂಡಿದಾಗ ಸ್ವಲ್ಪ ಮೆಲಮೈನನ್ನೂ ಫಾರ್ಮಾಲ್ಡಿಹೈಡನ್ನೂ ಬಿಟ್ಟುಕೊಡುತ್ತದೆ. ಬಡಿಸಲು ಆಗಬಹುದು, ಬಿಸಿಮಾಡಲು ಕೂಡದು. ಉಪ್ಪಿನಕಾಯಿಗೆ ಮಾತ್ರ ನಾನು ಇವೆಲ್ಲವನ್ನೂ ಬಿಟ್ಟು ಪಿಂಗಾಣಿ ಜಾಡಿಯ ಪರ. ಉಪ್ಪು ಮತ್ತು ಹುಳಿ ಸೇರಿದರೆ ಸ್ಟೀಲಿನಲ್ಲೂ ಚುಕ್ಕೆ ಚುಕ್ಕೆಯಾಗಿ ತೂತು ಕೊರೆಯುತ್ತದೆ, ಎಣ್ಣೆ ಪ್ಲಾಸ್ಟಿಕ್ಕಿಗೆ ಇಳಿಯುತ್ತದೆ. ಜಾಡಿಯ ಗಾಜಿನ ಲೇಪಕ್ಕೆ ಇವು ಯಾವುದೂ ತಟ್ಟುವುದಿಲ್ಲ.

ನೀರಿನ ಬಾಟಲಿ: 1 ಮತ್ತು 7

ಅಂಗಡಿಯ ನೀರು, ಸೋಡಾ, ಅಡುಗೆ ಎಣ್ಣೆಗಳ ಬಾಟಲಿಗಳ ಅಂಕಿ 1, ಅದು ಪೆಟ್. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಇದನ್ನು ತಯಾರಿಸಿದ್ದು ಬಾಟಲಿಗಾಗಿ ಅಲ್ಲ, ನೂಲಿಗಾಗಿ. ನಮ್ಮ ಹಿರಿಯರು ಹೆಮ್ಮೆಯಿಂದ ಹೊಲಿಸಿಕೊಂಡ ಟೆರಿಲಿನ್ ಅಂಗಿಯೂ ಈಗ ಕಸದ ಬುಟ್ಟಿಗೆ ಎಸೆಯುವ ಬಾಟಲಿಯೂ ಒಂದೇ ಅಣು: ಟೆರಿಥ್ಯಾಲಿಕ್ ಆಮ್ಲ ಮತ್ತು ಎಥಿಲೀನ್ ಗ್ಲೈಕಾಲ್ ಸೇರಿದ ಪಾಲಿಯೆಸ್ಟರ್. ಅದರ ಕೊಂಡಿಗಳ ನಡುವೆ ಇರುವ ಬೆಂಜೀನ್ ಉಂಗುರಗಳು ಸರಪಳಿಯನ್ನು ಬಿಗಿಯಾಗಿಟ್ಟು, ಅನಿಲ ನುಸುಳುವುದನ್ನು ತಡೆಯುತ್ತವೆ. ಸೋಡಾದ ಗುಳ್ಳೆ ಪೆಟ್‌ನಲ್ಲಿ ವಾರಗಟ್ಟಲೆ ಉಳಿಯುವುದೂ ಪಾಲಿಥೀನ್ ಬಾಟಲಿಯಲ್ಲಿ ಉಳಿಯದಿರುವುದೂ ಇದರಿಂದಲೇ.

ಆದರೆ ಪೆಟ್ ಬಿಸಿಗೆ ಅಲ್ಲ. ಒಮ್ಮೆ ನೆಗಡಿಯೆಂದು ಕಾಯಿಸಿದ ಕಷಾಯವನ್ನು ಆರಿಸುವ ತಾಳ್ಮೆಯಿಲ್ಲದೆ ಖಾಲಿ ನೀರಿನ ಬಾಟಲಿಗೆ ಸುರಿದಿದ್ದೆ. ಬಾಟಲಿಯ ಸೊಂಟ ಒಳಗೆ ಸೆಳೆದುಕೊಂಡಿತು, ತಳ ಓರೆಯಾಗಿ ಕುಗ್ಗಿತು, ಅಲ್ಲಲ್ಲಿ ಗಾಜಿನಂಥ ಮೈ ಹಾಲುಬಿಳುಪಾಯಿತು. ಎಲ್ಲವೂ ಅರ್ಧ ನಿಮಿಷದೊಳಗೆ. ಬಾಟಲಿಯನ್ನು ಮಾಡುವಾಗ ದಪ್ಪನೆಯ ಚಿಕ್ಕ ಕೊಳವೆಯೊಂದನ್ನು ಬಿಸಿಮಾಡಿ, ಎಳೆದು, ಗಾಳಿಯೂದಿ ಉಬ್ಬಿಸಿ, ಹಾಗೆಯೇ ತಣ್ಣಗಾಗಿಸುತ್ತಾರೆ. ಸುಮಾರು 75 ಡಿಗ್ರಿ ದಾಟಿದೊಡನೆ ಆ ಸರಪಳಿಗಳಿಗೆ ಅಲುಗಾಡುವ ಸ್ವಾತಂತ್ರ್ಯ ಸಿಕ್ಕಿ, ಎಳೆದ ರಬ್ಬರಿನಂತೆ ಹಳೆಯ ಆಕಾರದ ಕಡೆಗೆ ಮರಳುತ್ತವೆ. ಕರಗುವ ಉಷ್ಣತೆ ಸುಮಾರು 250 ಎಂದು ಓದಿಕೊಂಡು ಮೋಸಹೋಗಬಾರದು. ಬಳಕೆಗೆ ಲೆಕ್ಕ ಈ ಮೃದುವಾಗುವ ಉಷ್ಣತೆಯೇ.

ಅಂಕಿ 7 ಎಂದರೆ "ಇತರೆ", ಹಾಗಾಗಿ ಅದನ್ನು ನೋಡಿ ತೀರ್ಮಾನಿಸಲಾಗದು. ದಪ್ಪನೆಯ, ನೀಲಿಛಾಯೆಯ ಎಷ್ಟೋ 20 ಲೀಟರ್ ಕ್ಯಾನುಗಳು ಪಾಲಿಕಾರ್ಬೊನೇಟಿನವು. ಅದು ಮೃದುವಾಗಲು ಸುಮಾರು 147 ಡಿಗ್ರಿ ಬೇಕು, ಸುತ್ತಿಗೆಯ ಪೆಟ್ಟಿಗೂ ಬೇಗ ಬಗ್ಗುವುದಿಲ್ಲ. ತೊಡಕಿರುವುದು ಅದರ ಕೊಂಡಿಯಲ್ಲಿ. ಸೋಡಾದಲ್ಲಿರುವ ಅದೇ ಕಾರ್ಬಾನಿಕ್ ಆಮ್ಲದ ಎಸ್ಟರ್ ಇದು; ಬಿಸಿನೀರು ಮತ್ತು ಕ್ಷಾರದ ಸೋಪು ಪದೇ ಪದೇ ತಾಗಿದರೆ ಕೊಂಡಿ ಬಿಚ್ಚಿ, ಸರಪಳಿ ಕಟ್ಟಿದ ಮೂಲ ಅಣುವಾದ ಬಿಸ್‌ಫೀನಾಲ್-ಎ ಹೊರಬರುತ್ತದೆ. ಆ ಅಣುವಿನ ಫೀನಾಲ್ ಗುಂಪುಗಳ ಜೋಡಣೆ ದೇಹದ ಈಸ್ಟ್ರೋಜನ್ ಹಾರ್ಮೋನನ್ನು ಹೋಲುವುದರಿಂದ, ಯುರೋಪ್ ಒಕ್ಕೂಟವು 2011ರಲ್ಲಿ ಶಿಶುಗಳ ಬಾಟಲಿಯಲ್ಲಿ ಅದನ್ನು ನಿಷೇಧಿಸಿತು; ಭಾರತದ ಮಾನಕವೂ ಶಿಶುಗಳ ಹಾಲಿನ ಬಾಟಲಿಗೆ ಪಾಲಿಕಾರ್ಬೊನೇಟನ್ನು ಒಪ್ಪುವುದಿಲ್ಲ. ಟ್ರೈಟಾನ್ ಎಂಬ ಹೆಸರಿನಲ್ಲಿ ಸಿಗುವ ಕೋಪಾಲಿಯೆಸ್ಟರಿಗೂ ಅಂಕಿ 7ನ್ನೇ ಒತ್ತುತ್ತಾರೆ, ಅದರಲ್ಲಿ ಬಿಸ್‌ಫೀನಾಲ್-ಎ ಇಲ್ಲ. ತಣ್ಣೀರಿನ ಕ್ಯಾನಿಗೆ ಪಾಲಿಕಾರ್ಬೊನೇಟ್ ನಡೆಯುತ್ತದೆ. ಬಿಸಿನೀರು ಒಯ್ಯುವ ಮಕ್ಕಳ ಬಾಟಲಿಗೆ ಪಿಪಿ ಅಥವಾ ಸ್ಟೀಲ್ ತೆಗೆದುಕೊಳ್ಳುವುದು ಮೇಲು.

ಸಮಾರಂಭದ ತಟ್ಟೆ, ಲೋಟ

ಇಲ್ಲಿ ಹೆಚ್ಚು ಹೇಳುವುದಿಲ್ಲ. ಅಂಕಿ 6ರ ಪಾಲಿಸ್ಟೈರೀನಿನ ತಟ್ಟೆ, ಲೋಟಗಳೂ ಅಲಂಕಾರದ ಥರ್ಮೋಕೋಲೂ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧದ ಪಟ್ಟಿಯಲ್ಲಿವೆ. ಪ್ರಯೋಗಕ್ಕೆಂದು ಹಳೆಯ ಥರ್ಮೋಕೋಲ್ ತುಂಡಿನ ಮೇಲೆ ಕಿತ್ತಳೆ ಸಿಪ್ಪೆಯನ್ನು ಮಡಿಚಿ ಹಿಂಡಿ ನೋಡಿ. ಸಿಪ್ಪೆಯ ಲಿಮೊನೀನ್ ಬಿದ್ದ ಕಡೆಯಲ್ಲೆಲ್ಲ ಗುಳಿ ಬೀಳುತ್ತದೆ. ಬದಲಿಗೆ ಬರುತ್ತಿರುವ ಪಿಎಲ್‌ಎ ಎಂಬುದು ಮೊಸರಿನ ಹುಳಿಯಾದ ಲ್ಯಾಕ್ಟಿಕ್ ಆಮ್ಲದ ಪಾಲಿಯೆಸ್ಟರ್. ಒಂದೇ ಅಣುವಿನಲ್ಲಿ ಆಮ್ಲವೂ ಆಲ್ಕೋಹಾಲೂ ಇರುವುದರಿಂದ ತನಗೆ ತಾನೇ ಸರಪಳಿಯಾಗುತ್ತದೆ. ಸುಮಾರು 60 ಡಿಗ್ರಿಗೇ ಅದು ಮೆತ್ತಗಾಗುವುದರಿಂದ ಬಿಸಿ ಕಾಫಿಗೆ ಒದಗದು, ಮಣ್ಣಿಗೆ ಎಸೆದರೆ ತಾನಾಗಿ ಕರಗಿಹೋಗುತ್ತದೆಂಬ ನಂಬಿಕೆಯೂ ಪೂರ್ತಿ ಸರಿಯಲ್ಲ, ಅದಕ್ಕೆ ಕಾರ್ಖಾನೆಯ ಗೊಬ್ಬರದ ರಾಶಿಯಷ್ಟು ಬಿಸಿ ಬೇಕು. ಬಾಳೆಎಲೆ, ಮುತ್ತುಗದ ಎಲೆ, ಅಡಿಕೆ ಹಾಳೆಗಳು ಸಿಗುವ ನಾಡಿನಲ್ಲಿ ಈ ಹೋಲಿಕೆಯೇ ಅನಗತ್ಯವೆಂಬುದು ನನ್ನ ಅಭಿಪ್ರಾಯ.

ಸೋಲಾರಿನ ಪೈಪು

ವಿನೈಲ್ ಕ್ಲೋರೈಡಿನ ಸರಪಳಿಯಾದ ಪಿವಿಸಿಯ ತೂಕದಲ್ಲಿ ಸುಮಾರು ಶೇ 57 ಕ್ಲೋರಿನ್. ಸರಪಳಿಯ ಮಗ್ಗುಲಲ್ಲಿರುವ ಈ ಭಾರದ ಪರಮಾಣುಗಳು ಪಕ್ಕದ ಸರಪಳಿಯನ್ನು ವಿದ್ಯುದಾಕರ್ಷಣೆಯಿಂದ ಹಿಡಿದಿಡುವುದರಿಂದ ಪೈಪು ಬಿರುಸಾಗಿರುತ್ತದೆ, ಬೆಂಕಿಯೂ ಸುಲಭವಾಗಿ ಹತ್ತುವುದಿಲ್ಲ. ರೆಕ್ಸಿನ್, ತೋಟದ ಮೆದು ಪೈಪುಗಳಲ್ಲಿ ಇದೇ ಪಿವಿಸಿಗೆ ಥ್ಯಾಲೇಟ್ ಎಂಬ ಸಣ್ಣ ಎಸ್ಟರುಗಳನ್ನು ಬೆರೆಸಿ ಮೆತ್ತಗೆ ಮಾಡಿರುತ್ತಾರೆ. ಅವು ಸರಪಳಿಗೆ ಬೆಸೆದುಕೊಂಡಿರುವುದಿಲ್ಲವಾದ್ದರಿಂದ ನಿಧಾನವಾಗಿ ಹೊರಬೀಳುತ್ತವೆ, ಹಳೆಯ ರೆಕ್ಸಿನ್ ಬಿರುಕು ಬಿಡುವುದು ಅದಕ್ಕೇ. ಅಂಥ ಮೆದುಗೊಳಿಸುವ ಪದಾರ್ಥ ಇಲ್ಲದ್ದು ಯುಪಿವಿಸಿ. ಅದು ಸುಮಾರು 80 ಡಿಗ್ರಿಗೆ ಮೃದುವಾಗುತ್ತದೆ, ಒತ್ತಡದ ನೀರಿದ್ದರೆ ಅದಕ್ಕೂ ಬಹಳ ಮುಂಚೆಯೇ ಸೋಲುತ್ತದೆ.

ಪಿವಿಸಿಗೆ ಇನ್ನಷ್ಟು ಕ್ಲೋರಿನ್ ಸೇರಿಸಿ ಶೇ 63ರಿಂದ 69ರವರೆಗೆ ಏರಿಸಿದರೆ ಸಿಪಿವಿಸಿ. ಮೃದುವಾಗುವ ಉಷ್ಣತೆ 100 ಡಿಗ್ರಿ ದಾಟುತ್ತದೆ. ಸುಮಾರು 93 ಡಿಗ್ರಿಯವರೆಗಿನ ನೀರಿಗೆ ಅದನ್ನು ಬಳಸಬಹುದು. ಬೆಂಗಳೂರು, ಮೈಸೂರುಗಳ ತಾರಸಿಗಳಲ್ಲಿ ಸೋಲಾರ್ ವಾಟರ್ ಹೀಟರ್ ಸಾಮಾನ್ಯವಾಗಿರುವುದರಿಂದ ಈ ವ್ಯತ್ಯಾಸ ಬರಿಯ ಪುಸ್ತಕದ ವಿಷಯವಲ್ಲ. ನಮ್ಮ ಮನೆಯಲ್ಲಿ ಕೆಲಸಕ್ಕೆ ಬಂದ ಪ್ಲಂಬರ್ ಕೊನೆಯ ನಾಲ್ಕು ಅಡಿಗೆ ಸಾಲದೆ ಬಂತೆಂದು ತಣ್ಣೀರಿನ ಬಿಳಿ ಪೈಪನ್ನೇ ಜೋಡಿಸಿಹೋಗಿದ್ದರು. ಏಪ್ರಿಲ್ ಬರುವಷ್ಟರಲ್ಲಿ ಆ ನಾಲ್ಕಡಿ ಎರಡು ಕ್ಲಾಂಪುಗಳ ನಡುವೆ ಸೀರೆಯ ಜೋಲಿಯಂತೆ ಜೋತುಬಿದ್ದಿತ್ತು. ಪೈಪಿನ ಮೈಮೇಲೆ ಅಚ್ಚಾದ ಅಕ್ಷರಗಳನ್ನು ಉದ್ದಕ್ಕೂ ಓದಿಕೊಳ್ಳುವುದು ಅಂದಿನಿಂದ ನನಗೆ ಅಭ್ಯಾಸವಾಗಿದೆ.

ಮೂರನೆಯ ಆಯ್ಕೆ ಪಿಪಿಆರ್, ಪಾಲಿಪ್ರೊಪಿಲೀನಿನ ಒಂದು ಬಗೆ. ಬಿಸಿನೀರಿಗೆ ಅದೂ ಸರಿಯೇ. ವ್ಯತ್ಯಾಸ ಜೋಡಿಸುವ ವಿಧಾನದಲ್ಲಿದೆ. ಪಿವಿಸಿ, ಸಿಪಿವಿಸಿಗಳಿಗೆ ಹಚ್ಚುವ ಸಾಲ್ವೆಂಟ್ ಸಿಮೆಂಟಿನಲ್ಲಿ ಈಥರ್ ಮತ್ತು ಕೀಟೋನ್ ಗುಂಪುಗಳಿರುವ ದ್ರಾವಕಗಳಿವೆ; ಅವು ಕ್ಲೋರಿನ್ ಇರುವ ಮೇಲ್ಮೈಯನ್ನು ಕರಗಿಸಿ, ಎರಡು ಪೈಪುಗಳ ಸರಪಳಿಗಳು ಒಂದರೊಳಗೊಂದು ಹೆಣೆದುಕೊಳ್ಳುವಂತೆ ಮಾಡಿ, ತಾವು ಆವಿಯಾಗಿ ಹೋಗುತ್ತವೆ. ಆದ್ದರಿಂದ ಅದು ಅಂಟಲ್ಲ, ಬೆಸುಗೆ. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಕಾಯದೆ ನೀರು ಬಿಟ್ಟರೆ ಬೆಸುಗೆ ಆಗಿರುವುದಿಲ್ಲ. ಪಿಪಿಆರ್‌ನಲ್ಲಿ ಆ ದ್ರಾವಕಗಳಿಗೆ ಹಿಡಿಯಲು ಯಾವ ಗುಂಪೂ ಇಲ್ಲ, ಯಾವ ಸಿಮೆಂಟೂ ಅದಕ್ಕೆ ಅಂಟದು. ಕಾಯಿಸಿ ಕೂಡಿಸುವ ಯಂತ್ರವನ್ನೇ ತರಬೇಕು. ನಿಮ್ಮೂರಿನ ಪ್ಲಂಬರ್ ಬಳಿ ಆ ಯಂತ್ರ ಇಲ್ಲದಿದ್ದರೆ ಮುಂದೆ ರಿಪೇರಿಗೆ ಒದ್ದಾಡುವ ಬದಲು ಸಿಪಿವಿಸಿಯನ್ನೇ ಆರಿಸಿ.

"ನೈಲಾನ್" ಹಗ್ಗ

ಅಂಗಡಿಯಲ್ಲಿ ಬಣ್ಣದ ಹಗ್ಗಗಳಿಗೆಲ್ಲ ಒಂದೇ ಹೆಸರು, ನೈಲಾನ್. ಅವುಗಳಲ್ಲಿ ಎಷ್ಟೋ ಪಿಪಿ ಅಥವಾ ಎಚ್‌ಡಿಪಿಇ. ಪರೀಕ್ಷೆ ಸುಲಭ: ಬೆರಳುದ್ದದ ತುಂಡನ್ನು ಕತ್ತರಿಸಿ, ಸೋಪಿನ ನೀರಿನಲ್ಲಿ ಹಿಚುಕಿ ಗಾಳಿಗುಳ್ಳೆ ಹೋಗಿಸಿ, ಬಕೆಟ್ ನೀರಿಗೆ ಬಿಡಿ. ತೇಲಿದರೆ ಅದು ನೈಲಾನ್ ಅಲ್ಲ. ನೀರಿನ ಸಾಂದ್ರತೆ 1 ಎಂದಾದರೆ ಪಿಪಿಯದು ಸುಮಾರು 0.90, ಪಾಲಿಥೀನಿನದು 0.92ರಿಂದ 0.96, ನೈಲಾನಿನದು 1.14, ಪಾಲಿಯೆಸ್ಟರಿನದು 1.38. ಇದೇ ಬಕೆಟ್ ಪರೀಕ್ಷೆಯಿಂದ ಅಂಕಿ ಅಳಿಸಿಹೋದ ಡಬ್ಬಿಗಳನ್ನೂ ವಿಂಗಡಿಸಬಹುದು.

ಡ್ಯೂಪಾಂಟ್ ಕಂಪನಿಯಲ್ಲಿ ವ್ಯಾಲೇಸ್ ಕೆರೋಥರ್ಸ್ 1935ರಲ್ಲಿ ತಯಾರಿಸಿದ ನೈಲಾನಿನ ಕೊಂಡಿ ಅಮೈಡ್. ಒಂದು ಸರಪಳಿಯ ಅಮೈಡಿನ ಹೈಡ್ರೋಜನ್ ಪಕ್ಕದ ಸರಪಳಿಯ ಆಕ್ಸಿಜನ್ನಿನ ಕೈಹಿಡಿಯುವುದರಿಂದ ಹಗ್ಗಕ್ಕೆ ಬಲವೂ ಎಳೆದರೆ ಹಿಗ್ಗಿ ಮರಳುವ ಗುಣವೂ ಬರುತ್ತದೆ. ಆದರೆ ನೀರಿನ ಅಣುಗಳೂ ಅದೇ ಅಮೈಡಿನ ಕೈಹಿಡಿಯಬಲ್ಲವು. ಒದ್ದೆಯಾದ ನೈಲಾನ್ ಸ್ವಲ್ಪ ಉದ್ದವಾಗುತ್ತದೆ, ಸ್ವಲ್ಪ ಬಲ ಕಳೆದುಕೊಳ್ಳುತ್ತದೆ. ಬಾವಿಗೆ ಸದಾ ಇಳಿಬಿಡುವ ಕೊಡದ ಹಗ್ಗ ನೆರಳಿನಲ್ಲಿದ್ದರೆ ಅಗ್ಗದ ಪಿಪಿಯೇ ಸಾಕು, ನೀರನ್ನು ಹೀರುವುದಿಲ್ಲ. ಬಿಸಿಲಲ್ಲಿ ಬಟ್ಟೆ ಒಣಹಾಕುವ ಹಗ್ಗಕ್ಕೆ ಪಿಪಿ ಬೇಡ, ಪಾಲಿಯೆಸ್ಟರ್ ಆರಿಸಿ. ಅದು ಬಿಸಿಲನ್ನೂ ತಡೆಯುತ್ತದೆ, ಮಳೆಗೆ ಜೋಲುವುದೂ ಇಲ್ಲ. ದನ ಕಟ್ಟುವಂಥ, ಜಗ್ಗಾಟದ ಕೆಲಸಕ್ಕೆ ನಿಜವಾದ ನೈಲಾನ್ ಹಿಗ್ಗಿ ಕೊಡುವುದು ಅನುಕೂಲ. ಶೌಚಾಲಯ ತೊಳೆಯುವ ಆ್ಯಸಿಡ್ ಮಾತ್ರ ನೈಲಾನಿಗೆ ತಾಗಬಾರದು, ಅಮೈಡ್ ಕೊಂಡಿ ಬಲವಾದ ಆಮ್ಲಕ್ಕೆ ಬಿಚ್ಚಿಕೊಳ್ಳುತ್ತದೆ. ಆ ಆ್ಯಸಿಡ್ ಬರುವ ಬಾಟಲಿಯ ತಳದಲ್ಲಿ ಸಾಮಾನ್ಯವಾಗಿ ಅಂಕಿ 2 ಇರುತ್ತದೆ ಎಂಬುದನ್ನು ಗಮನಿಸಿ.

ಬಟ್ಟೆ

ನೈಲಾನ್ ಹುಟ್ಟಿದ್ದೇ ರೇಷ್ಮೆಯ ಅನುಕರಣೆಯಾಗಿ, ಏಕೆಂದರೆ ರೇಷ್ಮೆಯೂ ಅಮೈಡುಗಳ ಸರಪಳಿ, ಅಂದರೆ ಪ್ರೋಟೀನ್. ಹತ್ತಿ ಗ್ಲೂಕೋಸಿನ ಸರಪಳಿ. ಪ್ರತಿ ಗ್ಲೂಕೋಸ್ ಕೊಂಡಿಯಲ್ಲೂ ಮೂರು ಹೈಡ್ರಾಕ್ಸಿಲ್ ಗುಂಪುಗಳು. ಬೆವರು ಹೀರುವ ಗುಣವನ್ನು ಇವುಗಳಿಂದಲೇ ಲೆಕ್ಕ ಹಾಕಬಹುದು. ಸಾಧಾರಣ ಗಾಳಿಯ ತೇವದಲ್ಲಿ ರೇಷ್ಮೆ ತನ್ನ ತೂಕದ ಸುಮಾರು ಶೇ 11, ಹತ್ತಿ ಶೇ 7ರಿಂದ 8, ನೈಲಾನ್ ಶೇ 4 ನೀರನ್ನು ಹಿಡಿದಿಟ್ಟುಕೊಂಡರೆ ಪಾಲಿಯೆಸ್ಟರ್ ಹಿಡಿಯುವುದು ಶೇ 0.4 ಮಾತ್ರ. ರಾಯಚೂರಿನ ಮೇ ತಿಂಗಳಲ್ಲಿ ಪೂರ್ತಿ ಪಾಲಿಯೆಸ್ಟರ್ ಅಂಗಿ ಹಾಕಿಕೊಳ್ಳುವುದು ಏಕೆ ಶಿಕ್ಷೆಯೆಂಬುದಕ್ಕೆ ಈ ಅಂಕಿಯೇ ಕಾರಣ ಹೇಳುತ್ತದೆ. ಮಡಿಕೇರಿಯ ಮಳೆಗಾಲದಲ್ಲಿ ಅದೇ ಅಂಗಿ ಬೇಗ ಒಣಗುತ್ತದೆ ಎಂಬುದಕ್ಕೂ. ಶಾಲೆಯ ಸಮವಸ್ತ್ರಕ್ಕೆ ಟೆರಿಕಾಟ್, ಅಂದರೆ ಪಾಲಿಯೆಸ್ಟರ್ ಮತ್ತು ಹತ್ತಿಯ ಬೆರಕೆ, ನ್ಯಾಯವಾದ ರಾಜಿ.

ಸೀರೆ ಕೊಳ್ಳುವವರು ಸೆರಗಿನಂಚಿನ ನಾಲ್ಕು ಎಳೆ ಕಿತ್ತು ಸುಟ್ಟುನೋಡುವ ಪರೀಕ್ಷೆಯೂ ಕ್ರಿಯಾಗುಂಪಿನ ಪರೀಕ್ಷೆಯೇ. ರೇಷ್ಮೆ ಕೂದಲು ಸುಟ್ಟ ವಾಸನೆ ಬೀರಿ, ಬೆರಳಲ್ಲಿ ಹೊಸಕಿದರೆ ಪುಡಿಯಾಗುವ ಕಪ್ಪು ಉಂಡೆಯಾಗುತ್ತದೆ. ಪಾಲಿಯೆಸ್ಟರ್ ಕರಗಿ, ಕರಿಹೊಗೆ ಬಿಟ್ಟು, ಹೊಸಕಲಾಗದ ಗಟ್ಟಿ ಮಣಿಯಾಗುತ್ತದೆ. ಒಂದು ಎಚ್ಚರ: ಆರ್ಟ್ ಸಿಲ್ಕ್ ಎಂದು ಮಾರುವ ವಿಸ್ಕೋಸ್ ಕೂಡ ಹತ್ತಿಯಂತೆ ಸೆಲ್ಯುಲೋಸೇ ಆದ್ದರಿಂದ ಕರಗದೆ ಕಾಗದದ ವಾಸನೆಯೊಡನೆ ಉರಿದು ಮೆತ್ತನೆಯ ಬೂದಿಯಾಗುತ್ತದೆ. ಕರಗಲಿಲ್ಲ ಎಂದಮಾತ್ರಕ್ಕೆ ರೇಷ್ಮೆಯೆಂದು ನಂಬಬೇಡಿ, ವಾಸನೆಯನ್ನು ನೋಡಿ.

ಒಗೆಯುವುದರಲ್ಲೂ ಹೋಲಿಕೆ ಹೀಗೆಯೇ ಸಾಗುತ್ತದೆ. ವಾಷಿಂಗ್ ಸೋಡಾದ ಕ್ಷಾರ ಹತ್ತಿಗೆ ಏನೂ ಮಾಡದು, ರೇಷ್ಮೆಯ ಹೊಳಪನ್ನು ಕೊಲ್ಲುತ್ತದೆ. ರೇಷ್ಮೆಗೆ ಅಂಟುವಾಳ ಎಂದ ಅಜ್ಜಿಯರು ಅಮೈಡಿನ ಹೆಸರು ಕೇಳದೆಯೇ ಸರಿಯಾದದ್ದನ್ನು ಆರಿಸಿದ್ದರು. ಪಾಲಿಯೆಸ್ಟರ್ ಬಿಸಿಯಾದ ಕಾಸ್ಟಿಕ್ ಸೋಡಾದಲ್ಲಿ ಹೊರಮೈಯಿಂದ ಸವೆಯುತ್ತದೆ. ಜವಳಿ ಕಾರ್ಖಾನೆಗಳು ಇದನ್ನೇ ಉಪಾಯವಾಗಿ ಬಳಸಿ ನೂಲನ್ನು ತೆಳುಮಾಡಿ, ಪಾಲಿಯೆಸ್ಟರ್ ಸೀರೆಗೆ ರೇಷ್ಮೆಯ ಜಾರುವಿಕೆ ತರುತ್ತವೆ. ಇಸ್ತ್ರಿಯ ಬಿಸಿಯಲ್ಲೂ ಹತ್ತಿಗೇ ಮೇಲುಗೈ. ಅದರ ಹೈಡ್ರಾಕ್ಸಿಲ್ ಗುಂಪುಗಳು ಪರಸ್ಪರ ಎಷ್ಟು ಬಿಗಿಯಾಗಿ ಹಿಡಿದಿವೆಯೆಂದರೆ ಸೆಲ್ಯುಲೋಸ್ ಕರಗುವ ಮೊದಲೇ ಸೀದುಹೋಗುತ್ತದೆ.

ಇಡ್ಲಿ ತಟ್ಟೆಗೆ ಹಾಸುವ ಬಟ್ಟೆಯ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಹೋಟೆಲುಗಳಲ್ಲಿ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುವುದು ಕಂಡುಬಂದು, 2025ರ ಫೆಬ್ರವರಿ ಕೊನೆಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಅದನ್ನು ನಿಷೇಧಿಸುವುದಾಗಿ ಪ್ರಕಟಿಸಿತು. ತೆಳುವಾದ ಎಲ್‌ಡಿಪಿಇ ಹಾಳೆ ಹಬೆಯ 100 ಡಿಗ್ರಿಯಲ್ಲಿ ಕರಗಿ ಹರಿಯುವುದಿಲ್ಲ, ಆದರೆ ಕರಗುವ ಅಂಚಿನಲ್ಲೇ ಇರುತ್ತದೆ, ಆಗ ಅದರೊಳಗಿನ ಸಣ್ಣ ಅಣುಗಳ ಓಡಾಟ ತಣ್ಣಗಿರುವಾಗಿನದಕ್ಕಿಂತ ಬಹಳ ಹೆಚ್ಚು. ಟೆರಿಕಾಟಿನ ತುಂಡೂ ಬೇಡ, ಅದರ ಪಾಲಿಯೆಸ್ಟರ್ ಎಳೆಗಳು ನೀರು ಹಿಡಿಯುವುದಿಲ್ಲವಾದ್ದರಿಂದ ಹಿಟ್ಟು ಅಂಟಿಕೊಳ್ಳುತ್ತದೆ. ಬಣ್ಣ ಹಾಕದ ತೆಳು ಹತ್ತಿಯ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ, ಹಿಂಡಿ, ಹಾಸಿ, ಹಿಟ್ಟು ಹುಯ್ಯಿರಿ. ಬೆಂದ ಮೇಲೆ ತಟ್ಟೆಯನ್ನು ಬೋರಲು ಹಾಕಿ ಬಟ್ಟೆಯ ಬೆನ್ನಿಗೆ ಒಂದು ಚಿಮುಕು ನೀರು ಎರಚಿದರೆ, ಹೈಡ್ರಾಕ್ಸಿಲ್ ಗುಂಪುಗಳು ಆ ನೀರನ್ನು ಎಳೆದುಕೊಂಡು ಇಡ್ಲಿಯನ್ನು ಬಿಟ್ಟುಕೊಡುತ್ತವೆ.